ಕೊಬ್ಬರಿ ಅಟ್ಟದಿಂದ ಡ್ರೈಯರ್ ಪೈಪಿನ ತಂಕ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯೋರಿಗೆ ಒಣಗಿಸೋ ವಿದ್ಯೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಉಂಡೆ ಕೊಬ್ಬರಿ ಆಗೋದೇ ಆ ವಿದ್ಯೆಯಿಂದ. ಬಲಿತ ಕಾಯಿನ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿದ್ರೆ ಹತ್ತಿರ ಹತ್ತಿರ ಒಂದು ವರ್ಷ ಅದನ್ನ ಮುಟ್ಟಂಗಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದ್ರೆ ಲೊಟಲೊಟ ಅಂದಾಗ್ಲೇ ಕಾಯಿ ಇಳಿಸೋದು.

ಆ ಅಟ್ಟ ಕಟ್ಟಿರೋ ರೀತಿ ನೋಡಿ. ದಬ್ಬೆ ದಬ್ಬೆ ನಡುವೆ ಸಂದು. ಕೆಳಗಿನ ಒಲೆ ಶಾಖ ಆ ಸಂದಲ್ಲಿ ಮೇಲೇರಿ, ಕಾಯಿನ ಪಸೆ ಎಳ್ಕೊಂಡು, ಹೆಂಚಿನ ಸಂದಲ್ಲಿ ಆಚೆ ಹೋಗ್ತಿತ್ತು. ಮಳೆಗಾಲದಲ್ಲಿ ಮಕ್ಕಳ ಬಟ್ಟೆನೂ ಅಲ್ಲೇ ಗಳುವಿನ ಮೇಲೆ ಒಣಗ್ತಿದ್ವು, ಹೊಗೆ ವಾಸನೆ ಒಂದು ಬರ್ತಿತ್ತು ಅಷ್ಟೆ. ಗಾಳಿ ಆಡದೆ ಇದ್ದ ಅಟ್ಟದಲ್ಲಿ ಕೊಬ್ಬರಿ ಬೂಷ್ಟು ಹಿಡಿದು, ಬೆಲೆ ಬಿದ್ದೋಗೋದು. ಶಾಖ ಕೊಟ್ಟರೆ ಸಾಲದು, ಒದ್ದೆ ಗಾಳಿಗೆ ದಾರಿ ಬಿಡಬೇಕು ಅಂತ ಹಿರೀಕರಿಗೆ ಗೊತ್ತಿತ್ತು.

ಈ ಹೆಂಚಿಗೂ ಒಂದು ಕತೆ ಐತೆ. 1865ರಲ್ಲಿ ಬಾಸೆಲ್ ಮಿಶನ್ನಿನೋರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ರು. ಆಮೇಲೆ ಮಂಗಳೂರು ಹೆಂಚು ಘಟ್ಟ ಹತ್ತಿ ನಮ್ಮ ಮನೆಗಳಿಗೂ ಬಂತು. ಆ ಸೂರು ಮಳೆ ತಡೀತಿತ್ತು, ಆದ್ರೆ ಉಸಿರಾಡ್ತಿತ್ತು. ಹೊಗೆಗೆ ಬೇರೆ ದಾರಿ ಮಾಡಿದ್ದು ತಡವಾಗಿ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೇಲಿ ಹಳ್ಳಿಗೆ ಒಪ್ಪೋ ತಂತ್ರಜ್ಞಾನಕ್ಕೆ ಅಂತಲೇ 'ಅಸ್ತ್ರ' ಅನ್ನೋ ವಿಭಾಗ ಶುರುವಾಯ್ತು. ನಮ್ಮದೇ ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಕೇಂದ್ರ ಇತ್ತು. ಅವರ ಅಸ್ತ್ರ ಒಲೆಗೆ ಮೂರು ಪಾತ್ರೆ ಕೂರ್ತಿದ್ವು, ಹೊಗೆ ಕೊಳವೇಲಿ ಆಚೆ ಹೋಗ್ತಿತ್ತು. ಹೆಂಗಸರ ಕಣ್ಣು, ಎದೆ ಎರಡಕ್ಕೂ ಅದು ದೊಡ್ಡ ಉಪಕಾರ.

ಪರದೇಶದೋರದ್ದೂ ಇದೇ ಪಾಡು. ಬಟ್ಟೆ ಒಣಗಿಸೋಕೆ ಮೊದಲು ಒಲೆ ಹತ್ರ ಹಿಡೀತಿದ್ರು. 1892ರಲ್ಲಿ ಅಮೆರಿಕದ ಜಾರ್ಜ್ ಸ್ಯಾಂಪ್ಸನ್ ಅನ್ನೋರು ಒಲೆ ಶಾಖಕ್ಕೆ ಬಟ್ಟೆ ಹರವೋ ಚೌಕಟ್ಟಿಗೆ ಪೇಟೆಂಟ್ ತಗೊಂಡ್ರು. ಡಬ್ಬಿ ತಿರುಗಿ ಬಿಸಿಗಾಳಿ ಊದೋ ಮಿಷನ್ನು ಮನೆಗಳಿಗೆ ಬಂದದ್ದು 1938ರಿಂದ ಈಚೆಗೆ. ನಮ್ಮ ಮಕ್ಕಳು ಅಮೆರಿಕದಲ್ಲಿ ಬಳಸೋದು ಅದನ್ನೇ. ನಮ್ಮ ವಾಷಿಂಗ್ ಮಿಷನ್ನಿನ ಪಕ್ಕದ ತೊಟ್ಟಿನೂ ಡ್ರೈಯರ್ ಅಂತೀವಿ, ಅದು ಬರೀ ಹಿಂಡೋದು, ಶಾಖ ಇಲ್ಲ.

ಈಗ ಆ ಬಿಸಿಗಾಳಿ ಡ್ರೈಯರ್ ನಮ್ಮ ಊರುಗಳಿಗೂ ಬರ್ತಾ ಐತೆ. ಮನೆಯೋ, ತಾರಸಿ ಮನೆ. ಹೆಂಚಿಲ್ಲ, ಸಂದಿಲ್ಲ. ಹಿಂಡಿದ ಮೇಲೂ 5 ಕಿಲೋ ಬಟ್ಟೇಲಿ 2–3 ಲೀಟರ್ ನೀರು ಇರ್ತೈತೆ. ಪೈಪು ಆಚೆ ಬಿಡದಿದ್ರೆ ಆ ನೀರೆಲ್ಲ ಗೋಡೆಗೆ ಕೂತು ಮುಗ್ಗಲು ವಾಸನೆ, ಬೂಷ್ಟು. ಬಟ್ಟೆ ಜುಂಗು ಪೈಪಲ್ಲಿ ಕಟ್ಟಿಕೊಂಡು ಬಿಸಿಯಾದ್ರೆ ಬೆಂಕಿನೂ ಹತ್ತತೈತೆ.

ಅದಕ್ಕೇ ಹಾಕಿಸೋವಾಗ ಇಷ್ಟು ನೋಡ್ಕಳಿ. ಮಿಷನ್ನು ಆಚೆ ಗೋಡೆ ಪಕ್ಕ ಇರಲಿ. ಸುಮಾರು 4 ಇಂಚಿನ ಪೈಪು ತಗಡಿಂದಿರಲಿ, ಪ್ಲಾಸ್ಟಿಕ್ ಬೇಡ. ಗಿಡ್ಡ ಇದ್ದಷ್ಟೂ, ತಿರುವು ಕಮ್ಮಿ ಇದ್ದಷ್ಟೂ ಒಳ್ಳೇದು. ತೂತು ಕಂಬಕ್ಕಾಗಲಿ ತೊಲೆಗಾಗಲಿ ಬೀಳಬಾರದು, ಮಳೆನೀರು ಒಳಗೆ ಬರದಂಗೆ ಆಚೆಗೆ ಚೂರು ಇಳಿಜಾರು ಇರಲಿ. ಬಾಯಿಗೆ ತಾನೇ ಮುಚ್ಚಿಕೊಳ್ಳೋ ಮುಚ್ಚಳ ಹಾಕಿಸಿ. ಜಾಲರಿ ಹಾಕಿದ್ರೆ ಜುಂಗು ಕಟ್ಟಿಕೊಳ್ಳತೈತೆ. ಅಡುಗೆಮನೆ ಚಿಮಣಿಗೆ ಇದನ್ನ ಸೇರಿಸಬೇಡಿ. ಜುಂಗು ಸೋಸೋ ಬಲೆನ ಪ್ರತಿ ಸಲ ತೆಗೆದು ಒರೆಸಿ, ಪೈಪು ವರ್ಷಕ್ಕೊಂದು ಸಲ ಬಿಚ್ಚಿ ತೊಳೀರಿ. ಗೋಡೆಗೆ ತೂತು ಹಾಕೋಕೆ ಆಗಲ್ಲ ಅನ್ನೋರಿಗೆ ಪೈಪೇ ಬೇಡದ ಮಿಷನ್ನೂ ಸಿಗ್ತಾವೆ. ಅವು ನೀರನ್ನ ತೊಟ್ಟೀಲಿ ಹಿಡ್ಕೋತವೆ, ಆ ತೊಟ್ಟಿನ ಖಾಲಿ ಮಾಡ್ತಾ ಇದ್ರೆ ಆಯ್ತು.

ಬಿಸಿಲಿರೋ ದಿನ ಮಾತ್ರ ಅಂಗಳದ ತಂತಿಯೇ ಸಾಕು, ಅದಕ್ಕೆ ಕರೆಂಟ್ ಬಿಲ್ಲೂ ಬರಲ್ಲ.