ಲಾಳಿಯ ಸದ್ದಿನಲ್ಲಿ ಬಾಳಿದ ಊರುಗಳು



ನಾವು ಉಡುವ ಬಟ್ಟೆಯ ಬೆಲೆಯೆಷ್ಟೆಂದು ಅಂಗಡಿಯಲ್ಲಿ ಕೇಳುವುದು ವಾಡಿಕೆ. ಅದನ್ನು ನೇಯ್ದವರು ತೆತ್ತ ಬೆಲೆಯೆಷ್ಟೆಂದು ಕೇಳುವುದು ಅಪರೂಪ. ಈ ಎರಡನೆಯ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರವನ್ನು ಹುಡುಕುವವರು ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿರುವ ಲ್ಯಾಂಕಷೈರ್ ಪ್ರಾಂತಕ್ಕೆ ಹೋಗಬೇಕು. ಆವಿಯ ಬಲದಿಂದ ನಡೆಯುವ ಹತ್ತಿಯ ಗಿರಣಿ ಮೊದಲು ದೊಡ್ಡ ಪ್ರಮಾಣದಲ್ಲಿ ಬೇರೂರಿದ್ದು ಅಲ್ಲಿ. ಗಿರಣಿಯಲ್ಲಿ ದುಡಿಯುವವರ ಮೈಯನ್ನೂ ಪ್ರಾಣವನ್ನೂ ಕಾಪಾಡುವುದು ಯಾರ ಹೊಣೆ ಎಂಬ ದೀರ್ಘವಾದ ವ್ಯಾಜ್ಯ ಮೊದಲು ನಡೆದದ್ದೂ ಅಲ್ಲಿಯೇ.

ಆ ಕಾಲದ ನೇಯ್ಗೆಯ ಮನೆಯನ್ನು ಊಹಿಸಿಕೊಳ್ಳಿ. ಒಂದೇ ಛಾವಣಿಯ ಕೆಳಗೆ ನೂರಾರು ಮಗ್ಗಗಳು. ಮೇಲೆ ಉದ್ದಕ್ಕೂ ತಿರುಗುವ ಕಬ್ಬಿಣದ ದಂಡ. ಅದರಿಂದ ಪ್ರತಿಯೊಂದು ಮಗ್ಗಕ್ಕೂ ಇಳಿದುಬರುವ ತೊಗಲಿನ ಪಟ್ಟಿ. ಲಾಳಿಯು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಡಿಯುವ ಸದ್ದಿನಲ್ಲಿ ಪಕ್ಕದವರ ಮಾತು ಕಿವಿಗೆ ಬೀಳುವಂತಿರಲಿಲ್ಲ. ವರ್ಷಗಳು ಕಳೆದಂತೆ ಅನೇಕರಿಗೆ ಕಿವಿಯೇ ಮಂದವಾಗುತ್ತಿತ್ತು. ಆಗ ನೇಯುವವರು, ಅವರಲ್ಲಿಯೂ ಹೆಂಗಸರು, ತುಟಿಯ ಚಲನೆಯಿಂದಲೇ ಮಾತನಾಡುವ ಒಂದು ವಿದ್ಯೆಯನ್ನು ರೂಢಿಸಿಕೊಂಡರು. ಅದನ್ನು ಅಲ್ಲಿಯ ಆಡುಮಾತಿನಲ್ಲಿ ‘ಮೀ-ಮಾವಿಂಗ್’ ಎಂದು ಕರೆಯುತ್ತಿದ್ದರು. ಯಂತ್ರವು ಕಸಿದುಕೊಂಡದ್ದನ್ನು ನೆರೆಹೊರೆಯು ತನಗೆ ತಿಳಿದ ರೀತಿಯಲ್ಲಿ ತುಂಬಿಕೊಟ್ಟಿತು. ಗಿರಣಿಯ ಜನರ ಚರಿತ್ರೆಯಲ್ಲಿ ಈ ಕ್ರಮ ಮತ್ತೆ ಮತ್ತೆ ಕಾಣುತ್ತದೆ.

ಮೊದಲು ಕಾನೂನಿನ ಕಥೆಯನ್ನು ನೋಡೋಣ. 1802ರಲ್ಲಿ ಪಾರ್ಲಿಮೆಂಟು ಗಿರಣಿಗಳಲ್ಲಿ ದುಡಿಯುತ್ತಿದ್ದ ಅನಾಥ ಬಾಲಕರ ಸಲುವಾಗಿ ಒಂದು ಶಾಸನವನ್ನು ಮಾಡಿತು. ಗೋಡೆಗಳಿಗೆ ವರ್ಷಕ್ಕೆ ಎರಡು ಬಾರಿ ಸುಣ್ಣ ಬಳಿಯತಕ್ಕದ್ದು, ಗಾಳಿಯಾಡಲು ಕಿಟಕಿಗಳಿರತಕ್ಕದ್ದು, ಆ ಬಾಲಕರನ್ನು ದಿನಕ್ಕೆ 12 ಗಂಟೆಗಳಿಗಿಂತ ಹೆಚ್ಚು ದುಡಿಸಕೂಡದು ಎಂದು ಅದು ವಿಧಿಸಿತು. ಆದರೆ ಅದನ್ನು ನಡೆಯಿಸಿ ನೋಡುವ ಸಮರ್ಥರಾದ ಅಧಿಕಾರಿಗಳೇ ಇರಲಿಲ್ಲ. 1833ರ ಶಾಸನವು ಮೊಟ್ಟಮೊದಲಿಗೆ ಸಂಬಳದ ಮೇಲೆ ನಾಲ್ವರು ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ತರುವಾಯ 1844ರ ಶಾಸನ ಬಂದಿತು. ಹೆಂಗಸರೂ ಮಕ್ಕಳೂ ಸುಳಿದಾಡುವ ಎಡೆಗಳಲ್ಲಿ ತಿರುಗುವ ಯಂತ್ರಭಾಗಗಳಿಗೆ ಬೇಲಿ ಇರಬೇಕೆಂದೂ, ಓಡುತ್ತಿರುವ ಯಂತ್ರವನ್ನು ಮಕ್ಕಳಿಂದ ಒರಸಿಸಕೂಡದೆಂದೂ, ಅಪಘಾತವಾದರೆ ವರದಿ ಮಾಡಬೇಕೆಂದೂ ಅದು ಗೊತ್ತುಮಾಡಿತು. ಹಾಗೆಂದು ಅದು ಪೂರ್ಣ ಕರುಣೆಯ ಶಾಸನವೆಂದು ಹೇಳುವಂತಿಲ್ಲ. ಮಕ್ಕಳನ್ನು ಕೆಲಸಕ್ಕೆ ಸೇರಿಸಬಹುದಾದ ವಯಸ್ಸನ್ನು ಅದೇ ಶಾಸನವು 9ರಿಂದ 8ಕ್ಕೆ ಇಳಿಸಿ, ಅರ್ಧ ದಿನ ಗಿರಣಿ ಅರ್ಧ ದಿನ ಶಾಲೆ ಎಂಬ ಏರ್ಪಾಡನ್ನು ತಂದಿತು.

ಬೇಲಿಯ ವಿಷಯದಲ್ಲಿ ಒಡೆಯರ ವಿರೋಧ ಪ್ರಬಲವಾಗಿತ್ತು. ತಲೆಗಿಂತ ಎತ್ತರದಲ್ಲಿ ತಿರುಗುವ ದಂಡಕ್ಕೆ ಬೇಲಿಯೇಕೆ, ಅದು ವ್ಯರ್ಥವಾದ ವೆಚ್ಚ, ಅಪಘಾತಕ್ಕೆ ಕಾರಣ ಕೆಲಸಗಾರನ ಅಜಾಗರೂಕತೆ ಎಂಬುದು ಅವರ ವಾದ. ಆದರೆ ಜಾರಿದ ಪಟ್ಟಿಯನ್ನು ಸರಿಪಡಿಸಲು ಏಣಿ ಹತ್ತಿದವನ ಅಂಗಿಯ ತುದಿ ದಂಡಕ್ಕೆ ಸುತ್ತಿಕೊಂಡರೆ ಎಚ್ಚರವಿದ್ದೂ ಪ್ರಯೋಜನವೇನು? 1855ರಲ್ಲಿ ಗಿರಣಿಯ ಒಡೆಯರು ಈ ಶಾಸನವನ್ನು ಎದುರಿಸುವುದಕ್ಕಾಗಿಯೇ ಮ್ಯಾಂಚೆಸ್ಟರಿನಲ್ಲಿ ಒಂದು ಸಂಘವನ್ನು ಕಟ್ಟಿದರು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನ ಪತ್ರಿಕೆಯು ಅದನ್ನು ಕೆಲಸಗಾರರ ಅಂಗಚ್ಛೇದನದ ಸಂಘವೆಂದು ಹಳಿಯಿತು. ಹ್ಯಾರಿಯೆಟ್ ಮಾರ್ಟಿನೋ ಎಂಬ ಪ್ರಸಿದ್ಧ ಲೇಖಕಿ ಒಡೆಯರ ಪಕ್ಷವನ್ನು ಹಿಡಿದಳು. ಕೊನೆಗೆ ಗೆದ್ದವರು ಒಡೆಯರು. 1856ರ ಶಾಸನವು ಬೇಲಿಯ ಕಟ್ಟುಪಾಡನ್ನು ಸಡಿಲಿಸಿತು. ತಪ್ಪು ಯಾರದೆಂಬ ತರ್ಕವನ್ನು ಬದಿಗಿರಿಸಿ, ಗಾಯಗೊಂಡವನಿಗೆ ಪರಿಹಾರ ಸಲ್ಲಬೇಕೆಂಬ ನಿಯಮವು 1897ರವರೆಗೆ ಕಾಯಬೇಕಾಯಿತು.

ಕಾನೂನು ಹೀಗೆ ಒಂದು ಹೆಜ್ಜೆ ಮುಂದಿಟ್ಟು ಅರ್ಧ ಹೆಜ್ಜೆ ಹಿಂದೆಗೆಯುತ್ತಿದ್ದಾಗ ಜನರು ಸುಮ್ಮನೆ ಕುಳಿತಿರಲಿಲ್ಲ. ಅದೇ 1844ನೆಯ ಇಸವಿಯ ಡಿಸೆಂಬರ್ 21ರಂದು ರಾಚ್‌ಡೇಲ್ ಎಂಬ ಊರಿನ ಟೋಡ್ ಲೇನ್ ಬೀದಿಯಲ್ಲಿ ಒಂದು ಸಣ್ಣ ಅಂಗಡಿ ತೆರೆಯಿತು. ಅದನ್ನು ತೆರೆದ 28 ಮಂದಿಯಲ್ಲಿ ಹಲವರು ನೇಕಾರರು. ವಾರವಾರವೂ ಕೆಲವು ಪೆನ್ನಿಗಳನ್ನು ಉಳಿಸಿ, ತಲೆಗೊಂದು ಪೌಂಡಿನಂತೆ ಕೂಡಿಸಿದ್ದರು. ಅಂಗಡಿಯಲ್ಲಿದ್ದ ಸರಕು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್, ಮೇಣದ ಬತ್ತಿ, ಇಷ್ಟೇ. ಕಲಬೆರಕೆಯಿಲ್ಲದ ಪದಾರ್ಥ, ಸರಿಯಾದ ತೂಕ, ಕೊಂಡವರಿಗೆ ಕೊಂಡಷ್ಟಕ್ಕೆ ತಕ್ಕಂತೆ ಲಾಭದ ಪಾಲು: ಈ ಮೂರು ಸೂತ್ರಗಳಿಂದ ಜಗತ್ತಿನ ಸಹಕಾರ ಚಳವಳಿಗೆ ಮಾದರಿ ದೊರೆಯಿತು. ಶಾಸನವು ಯಂತ್ರಕ್ಕೆ ಬೇಲಿ ಹಾಕಿದ ವರ್ಷದಲ್ಲಿಯೇ ಗಿರಣಿಯ ಜನರು ತಮ್ಮ ಅಡಿಗೆಮನೆಗೆ ತಾವೇ ಬೇಲಿ ಹಾಕಿಕೊಂಡರೆನ್ನಬಹುದು.

ಆ ಊರುಗಳ ನಿತ್ಯಜೀವನವೆಲ್ಲ ಗಿರಣಿಯ ಸಿಳ್ಳಿನ ಸುತ್ತ ಹೆಣೆದಿತ್ತು. ನಸುಕಿನಲ್ಲಿ ಉದ್ದನೆಯ ಕೋಲಿನಿಂದ ಮಾಳಿಗೆಯ ಕಿಟಕಿಯನ್ನು ತಟ್ಟಿ ಎಬ್ಬಿಸುವವನಿಗೆ ಮನೆಮನೆಯವರೂ ವಾರಕ್ಕಿಷ್ಟೆಂದು ಕೊಡುತ್ತಿದ್ದರು. ಬೇಸಗೆಯಲ್ಲಿ ಒಂದೊಂದು ಊರಿನ ಗಿರಣಿಗಳೆಲ್ಲ ಸರದಿಯ ಮೇಲೆ ಮುಚ್ಚುತ್ತಿದ್ದವು. ಆ ‘ವೇಕ್ಸ್’ ವಾರದಲ್ಲಿ ಊರಿಗೆ ಊರೇ ಬ್ಲ್ಯಾಕ್‌ಪೂಲಿನ ಕಡಲತೀರಕ್ಕೆ ಹೊರಡುತ್ತಿತ್ತು. ಅದಕ್ಕಾಗಿ ವರ್ಷವಿಡೀ ಚೀಟಿಯ ಸಂಘಗಳಲ್ಲಿ ಹಣ ಕೂಡಿಡುತ್ತಿದ್ದರು. ರೋಗಕ್ಕೂ ಸಾವಿಗೂ ಒದಗುವ ಪರಸ್ಪರ ಸಹಾಯದ ಸಂಘಗಳಿದ್ದವು. ನೇಕಾರರ ಸಂಘಗಳಲ್ಲಿ ಹೆಂಗಸರೂ ಸಹಸ್ರಗಟ್ಟಲೆಯಾಗಿ ಸೇರಿದ್ದರು. ಆದರೆ ಈ ಒಗ್ಗಟ್ಟಿಗೂ ಒಂದು ಕತ್ತಲೆಯ ಮುಖವುಂಟು. ಮಕ್ಕಳ ಅರ್ಧದಿನದ ದುಡಿಮೆಯನ್ನು ನಿಲ್ಲಿಸಬೇಕೆಂಬ ಸಲಹೆ ಬಂದಾಗ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ, ಸ್ವತಃ ಗಿರಣಿಯ ಕೆಲಸಗಾರರೇ ಬಹುಮತದಿಂದ ಅದನ್ನು ವಿರೋಧಿಸಿದರು. ಮನೆಯ ಖರ್ಚಿಗೆ ಮಗುವಿನ ಕೂಲಿ ಬೇಕಾಗಿತ್ತು. ಆ ಪದ್ಧತಿಯನ್ನು ಕೊನೆಗಾಣಿಸಿದ್ದು 1918ರ ಶಿಕ್ಷಣ ಶಾಸನ.

ಈ ಕಥೆಯಲ್ಲಿ ನಮ್ಮ ನಾಡಿಗೂ ಒಂದು ಪಾಲಿದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ನಿಂತುಹೋಯಿತು. ಲ್ಯಾಂಕಷೈರಿನಲ್ಲಿ ಲಕ್ಷಾಂತರ ಜನ ನಿರುದ್ಯೋಗಿಗಳಾದರು. ಆಗ ಹಿಂದೂದೇಶದ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂದಿತು. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನ ಮೂಲಕ ಹೊರಟಿತು. ಹಿಂದೂದೇಶದ ಹತ್ತಿಯನ್ನೆಲ್ಲ ಅಲ್ಲಿಯ ವರ್ತಕರು ‘ಸೂರತ್’ ಎಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದರು. ಅದರ ಎಳೆ ಗಿಡ್ಡ. ಕಸವೂ ಧೂಳೂ ಹೆಚ್ಚು. ನೂಲು ಕಡಿಯದಂತೆ ಹಾಸಿಗೆ ಬಿಳಿಯ ಜೇಡಿಮಣ್ಣು ಬೆರಸಿದ ದಪ್ಪ ಗಂಜಿಯನ್ನು ಹಾಕತೊಡಗಿದರು. ಯುದ್ಧ ಮುಗಿದರೂ ಬಟ್ಟೆಯ ತೂಕವನ್ನು ಹೆಚ್ಚಿಸುವ ಆಸೆಯಿಂದ ಆ ರೂಢಿ ಉಳಿಯಿತು. ಮಣ್ಣಿನ ಧೂಳು ನೇಯುವವರ ಎದೆಗೆ ಇಳಿಯಿತು. ಒಣಗಿದ ಗಂಜಿಯ ನೂಲು ಮುರಿಯದಿರಲೆಂದು ಕೋಣೆಯೊಳಗೆ ಆವಿಯನ್ನು ಬಿಟ್ಟರು; ಒದ್ದೆ ಬಟ್ಟೆಯಲ್ಲಿಯೇ ಜನ ಚಳಿಗೆ ಹೊರಬೀಳುವಂತಾಯಿತು. ನೇಕಾರರ ಸತತವಾದ ದೂರಿನ ಮೇಲೆ 1889ರಲ್ಲಿ ಆ ಆವಿಗೆ ಮಿತಿಯನ್ನು ವಿಧಿಸುವ ಶಾಸನವಾಯಿತು. ದೂರದ ಒಂದು ಯುದ್ಧ, ನಮ್ಮ ಎರೆಮಣ್ಣಿನ ಒಂದು ಬೆಳೆ, ಇನ್ನೊಂದು ದೇಶದ ಹೆಂಗಸಿನ ಶ್ವಾಸಕೋಶ: ಇವು ಮೂರೂ ಒಂದೇ ನೂಲಿನಲ್ಲಿ ಪೋಣಿಸಿದ್ದವು.

ಇನ್ನೊಂದು ಅಪಾಯವಂತೂ ಬಹುಕಾಲ ಉಳಿಯಿತು. ಲಾಳಿಯ ಕಣ್ಣಿನಲ್ಲಿ ನೂಲನ್ನು ಬಾಯಿಂದ ಹೀರಿ ಎಳೆಯುವುದು ನೇಕಾರರ ಪದ್ಧತಿ. ಒಂದೇ ಲಾಳಿಗೆ ಹಲವರ ತುಟಿ ತಾಕುತ್ತಿತ್ತು. ಕ್ಷಯರೋಗದ ಭಯವಿದ್ದರೂ, ಕೈಯಿಂದ ಪೋಣಿಸುವ ಲಾಳಿಗಳು ದೊರೆಯುತ್ತಿದ್ದರೂ, ಇಂಗ್ಲೆಂಡಿನಲ್ಲಿ ಅದನ್ನು ತಡೆಯುವ ನಿಯಮ ಬಂದದ್ದು 1952ರಲ್ಲಿ. ಹತ್ತಿಯ ಧೂಳಿನಿಂದ ಬರುವ ಎದೆಯ ಬೇನೆಯನ್ನು ಮ್ಯಾಂಚೆಸ್ಟರಿನ ವೈದ್ಯ ಜೇಮ್ಸ್ ಕೇ 1831ರಲ್ಲಿಯೇ ವರ್ಣಿಸಿದ್ದನು. ಅದಕ್ಕೆ ಪರಿಹಾರ ಕೊಡುವ ಏರ್ಪಾಡು ಆದದ್ದು 1940ರ ದಶಕದಲ್ಲಿ. ತಿಳಿವಳಿಕೆಗೂ ಕಾರ್ಯಕ್ಕೂ ನಡುವೆ ನೂರು ವರ್ಷಗಳ ಅಂತರ!

ನಮ್ಮ ದೇಶದಲ್ಲಿ ಮುಂಬಯಿಯ ಮೊದಲ ಗಿರಣಿ 1850ರ ದಶಕದಲ್ಲಿ ಹುಟ್ಟಿತು. 1881ರಲ್ಲಿ ಮೊದಲ ಕಾರ್ಖಾನೆ ಶಾಸನವಾಯಿತು. ಅದಕ್ಕಾಗಿ ಲ್ಯಾಂಕಷೈರಿನ ಒಡೆಯರೇ ಒತ್ತಾಯಿಸಿದ್ದುಂಟು. ಮುಂಬಯಿಯ ಪೈಪೋಟಿಯ ಭಯವೂ ಅವರ ಕರುಣೆಯಲ್ಲಿ ಬೆರೆತಿತ್ತು. ಆ ಶಾಸನದಲ್ಲಿ ಬೇಲಿಯ ವಿಧಿಯಿತ್ತು, ಆದರೆ ಮಗು 7 ವರ್ಷಕ್ಕೇ ಗಿರಣಿ ಸೇರಬಹುದಾಗಿತ್ತು. 1884ರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಕೆಲಸಗಾರರ ಸಭೆ ಸೇರಿಸಿ ವಾರಕ್ಕೊಂದು ರಜೆ, ಮಧ್ಯಾಹ್ನ ಅರ್ಧ ಗಂಟೆಯ ಬಿಡುವು, ಗಾಯಗೊಂಡವರಿಗೆ ಪರಿಹಾರ, ಇವನ್ನು ಬೇಡಿದರು. 1890ರಲ್ಲಿ ಮುಂಬಯಿಯ ಗಿರಣಿಗಳಿಗೆ ವಾರದ ರಜೆ ದೊರೆಯಿತು. ಪರಿಹಾರದ ಶಾಸನ ಬಂದದ್ದು 1923ರಲ್ಲಿ.

ಬೆಂಗಳೂರಿನಲ್ಲಿ ಹತ್ತಿ ಉಣ್ಣೆಗಳ ದೊಡ್ಡ ಗಿರಣಿಗಳ ಕಾಲ ಕಳೆದುಹೋಗಿದೆ. ಕೆಲವು ಸ್ಥಳಗಳ ಹೆಸರುಗಳಲ್ಲಿ ಅವುಗಳ ನೆನಪು ಉಳಿದಿದೆ. ಆದರೆ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಇಂದಿಗೂ ನಮ್ಮ ಹೆಣ್ಣುಮಕ್ಕಳು ಬಹು ಸಂಖ್ಯೆಯಲ್ಲಿ ದುಡಿಯುತ್ತಿದ್ದಾರೆ. ಆದಕಾರಣ ಇದು ಮುಗಿದ ಕಥೆಯಲ್ಲ. 2013ರ ಏಪ್ರಿಲ್ 23ರಂದು ಢಾಕಾ ನಗರದ ಸಮೀಪದ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡದಲ್ಲಿ ಬಿರುಕುಗಳು ಕಂಡವು. ಅಲ್ಲಿದ್ದ ಬ್ಯಾಂಕಿನವರು ತಮ್ಮ ನೌಕರರನ್ನು ಹೊರಕ್ಕೆ ಕಳುಹಿಸಿದರು. ಉಡುಪು ಹೊಲಿಯುವವರನ್ನು ಮಾತ್ರ ಮರುದಿನ ಒಳಕ್ಕೆ ಕರೆದರು. ಅಂದು ಬೆಳಗ್ಗೆ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಬಿರುಕನ್ನು ಅವರೂ ಕಂಡಿದ್ದರು. ಒಳಗೆ ಹೋಗುವುದಿಲ್ಲವೆಂದು ಒಕ್ಕೊರಲಿನಿಂದ ಹೇಳಬಲ್ಲ ಸಂಘ ಅವರಿಗಿರಲಿಲ್ಲ. ಒಂದು ತಿಂಗಳ ಕೂಲಿಯನ್ನು ಕಳೆದುಕೊಂಡರೆ ಕೈಹಿಡಿಯುವ ಆಸರೆಯೂ ಇರಲಿಲ್ಲ. ಆ ದುರಂತದ ತರುವಾಯ ಬಟ್ಟೆಯ ವರ್ತಕರೂ ಕಾರ್ಮಿಕ ಸಂಘಗಳೂ ಕೂಡಿ ಮಾಡಿಕೊಂಡ ಒಪ್ಪಂದದಲ್ಲಿ, ಅಪಾಯವಿದ್ದೆಡೆ ಕೆಲಸವನ್ನು ನಿರಾಕರಿಸುವ ಹಕ್ಕನ್ನು ಸೇರಿಸಬೇಕಾಯಿತು.

ಇನ್‌ಸ್ಪೆಕ್ಟರು ವರ್ಷಕ್ಕೊಮ್ಮೆ ಬಂದಾನು. ಪಕ್ಕದ ಮಗ್ಗದವರು ದಿನವೂ ಇರುತ್ತಾರೆ. ಸಡಿಲವಾದ ಪಟ್ಟಿಯನ್ನೂ ಗೋಡೆಯ ಬಿರುಕನ್ನೂ ಮೊದಲು ಕಾಣುವವರು ಅವರೇ. ಅವರು ಕಂಡದ್ದನ್ನು ಹೆದರದೆ ಹೇಳುವಂತಿದ್ದಲ್ಲಿ ಕಾನೂನು ಬದುಕುತ್ತದೆ. ಇಲ್ಲದಿದ್ದಲ್ಲಿ ಅದು ಗೋಡೆಯ ಮೇಲೆ ತೂಗುಹಾಕಿದ ಕಾಗದ. ಅಂಗಡಿಯಲ್ಲಿ ಬಟ್ಟೆಯನ್ನು ಕೈಯಲ್ಲಿ ಹಿಡಿದು ಬೆಲೆ ಕೇಳುವ ನಾವು ಆ ಎರಡನೆಯ ಪ್ರಶ್ನೆಯನ್ನೂ ಕೇಳುವವರಾದರೆ, ಹಾಗೆ ಹೇಳುವವರ ಮಾತಿಗೆ ಸ್ವಲ್ಪವಾದರೂ ಬಲ ಬಂದೀತು.