ಅಭಿಮನ್ಯುವಿಗೆ ಒಡೆಯರುಂಟೇ?

ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಕೊಕ್ಕರ್ಣೆಯ ಸುತ್ತಣ ಬಯಲುಗಳಲ್ಲಿ ಚೆಂಡೆಯ ಸದ್ದು ಬೆಳಗಿನ ತನಕ ಕೇಳುತ್ತದೆ. ಮಂದಾರ್ತಿ ಇಲ್ಲಿಗೆ ದೂರವಲ್ಲ. ಅಭಿಮನ್ಯು ಚಕ್ರವ್ಯೂಹವನ್ನು ಹೊಕ್ಕು ಮಡಿಯುವುದನ್ನು ಈ ಕಡೆಯ ಜನ ಎಷ್ಟು ಸಲ ಕಂಡಿದ್ದಾರೋ ಲೆಕ್ಕವಿಲ್ಲ. ಆ ಅಭಿಮನ್ಯುವಿಗೆ ಒಡೆಯರುಂಟೇ ಎಂದು ಆಟ ನೋಡುವವರಾರೂ ಕೇಳುವುದಿಲ್ಲ. ಕೇಳುವ ಪ್ರಸಂಗ ಮೊದಲಾದುದು ನಮ್ಮ ಉಡುಪಿಯಲ್ಲೇ. ಮುಗಿದುದು ದಿಲ್ಲಿಯ ಸುಪ್ರೀಂ ಕೋರ್ಟಿನಲ್ಲಿ.

ಕೋಟದ ಡಾ. ಶಿವರಾಮ ಕಾರಂತರು (1902–1997) ಯಕ್ಷಗಾನವನ್ನು ಬಹುಕಾಲ ಅಭ್ಯಾಸ ಮಾಡಿ, ಇಡೀ ರಾತ್ರಿಯ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು. ಮಾತನ್ನು ಬಿಟ್ಟು ಹಾಡಿಗೂ ನೃತ್ಯಕ್ಕೂ ಒತ್ತುಕೊಟ್ಟರು. ಪಿಟೀಲು, ಸ್ಯಾಕ್ಸೊಫೋನುಗಳನ್ನು ಹಿಮ್ಮೇಳಕ್ಕೆ ತಂದರು. ಅದು ಸರಿಯೇ ಎಂಬ ಚರ್ಚೆ ಬೇರೆ. ಹೊಸದೆಂಬುದು ಮಾತ್ರ ನಿಜ. 1994ರಲ್ಲಿ ಬರೆದ ಉಯಿಲಿನಲ್ಲಿ ಅವರು ತಮ್ಮ ಕೃತಿಗಳ ಹಕ್ಕನ್ನು ಶ್ರೀಮತಿ ಬಿ. ಮಾಲಿನಿ ಮಲ್ಯರಿಗೆ ಬಿಟ್ಟರು.

2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ನಿನವರು ದಿಲ್ಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ಆಡಿಸಿದರು. ಅನುಮತಿ ಪಡೆಯಲಿಲ್ಲವೆಂದು ಶ್ರೀಮತಿ ಮಲ್ಯರು ಉಡುಪಿಯ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಒಟ್ಟು ಏಳು ಪ್ರಸಂಗಗಳ ವ್ಯಾಜ್ಯ. ತಮ್ಮ ಕೇಂದ್ರದಲ್ಲಿ, ತಮ್ಮ ನೆರವಿನಿಂದ ಬೆಳೆದ ಕಲೆಗೆ ತಾವೇ ಅನುಮತಿ ಬೇಡಬೇಕೆ ಎಂಬುದು ಸಂಸ್ಥೆಯವರ ಅಳಲು. ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೆ ಜಿಲ್ಲಾ ನ್ಯಾಯಾಲಯ 2003ರಲ್ಲಿಯೂ ಹೈಕೋರ್ಟು 2007ರಲ್ಲಿಯೂ ಅದನ್ನು ಒಪ್ಪಲಿಲ್ಲ.

2009ರ ಜನವರಿ 23ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ನೃತ್ಯವು ಸಾಹಿತ್ಯಕೃತಿಯಲ್ಲ, ನಾಟಕಕೃತಿಯ ಲೆಕ್ಕಕ್ಕೆ ಸೇರತಕ್ಕದ್ದು. ಉಯಿಲಿನಲ್ಲಿ ಹೆಸರಿಸದೆ ಉಳಿದ ಸೊತ್ತಿನೊಂದಿಗೆ ಆ ಹಕ್ಕೂ ಶ್ರೀಮತಿ ಮಲ್ಯರಿಗೇ ಬಂದಿತು. ಪ್ರತಿಬಂಧಕಾಜ್ಞೆ ನಿಂತಿತು. ನಿಂತದ್ದು ಕಾರಂತರು ವಿಶಿಷ್ಟವಾಗಿ ರೂಪಿಸಿದ ರೀತಿಗೆ ಮಾತ್ರ, ಮಹಾಭಾರತದ ಕಥೆಗಲ್ಲ. ಬಯಲಿನಲ್ಲಿ ಹಳೆಯ ಕ್ರಮದಂತೆ ಕುಣಿಯುವ ಅಭಿಮನ್ಯುವನ್ನು ತಡೆಯುವವರಿಲ್ಲ.

ನ್ಯಾಯಾಲಯವು ಜೊತೆಗೆ ಒಂದು ಬಾಗಿಲನ್ನೂ ತೋರಿಸಿತು. ಮಾಸ್ತರರು ಗಮನಿಸಬೇಕಾದುದು ಇದನ್ನೇ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಸೆಕ್ಷನ್ನಿನಂತೆ, ವಿದ್ಯಾಸಂಸ್ಥೆಯ ಚಟುವಟಿಕೆಯಾಗಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಆಡಿ, ನೋಡುವವರು ಅವರೇ, ಮಕ್ಕಳ ತಂದೆತಾಯಿಗಳು, ಸಂಸ್ಥೆಗೆ ನೇರವಾಗಿ ಸಂಬಂಧಪಟ್ಟವರು ಆಗಿದ್ದರೆ, ಅದು ಉಲ್ಲಂಘನೆಯಲ್ಲ. ಹಣ ಕೊಡದ ಪ್ರೇಕ್ಷಕರ ಮುಂದೆ ಹವ್ಯಾಸಿ ಸಂಘದವರು ಆಡಿದರೂ ಅಡ್ಡಿಯಿಲ್ಲ. ಟಿಕೆಟ್ಟು ಹರಿದರೆ ಮಾತು ಬೇರೆ.

ಈಗ ಶಾಲೆಯ ಆಟ ಅಂಗಳ ದಾಟಿ ಮೊಬೈಲಿಗೆ ಬಂದಿದೆ. ಪ್ರಸಂಗದ ವಿಡಿಯೋ ಇರುವ ಕೊಂಡಿಯನ್ನು ಮಾಸ್ತರರು ಮಕ್ಕಳಿಗೆ ಕಳುಹಿಸಿದರೆ? ವಿಡಿಯೋವನ್ನು ಇಳಿಸಿಕೊಂಡು ಹಂಚುವುದು ಪ್ರತಿ ಮಾಡಿದಂತೆ. ಕೊಂಡಿ ಕೊಡುವುದು ಪುಸ್ತಕವಿರುವ ಕಪಾಟನ್ನು ತೋರಿಸಿದಂತೆ. ಕೊಂಡಿಗಾಗಿ ಯಂತ್ರದಲ್ಲಿ ಕ್ಷಣಕಾಲ ನಡೆಯುವ ಶೇಖರಣೆಯನ್ನು 2012ರ ತಿದ್ದುಪಡಿಯು ಮನ್ನಿಸಿದೆ; ಆದರೆ ಹಕ್ಕುದಾರರು ಸ್ಪಷ್ಟವಾಗಿ ನಿಷೇಧಿಸಿರಬಾರದು, ಮೂಲವು ಕಳ್ಳಪ್ರತಿಯೆಂದು ತಿಳಿದಿರಲೂಬಾರದು. ಆದಕಾರಣ ಕೊಂಡಿ ಒತ್ತುವ ಮುನ್ನ, ವಿಡಿಯೋವನ್ನು ಅಲ್ಲಿಟ್ಟವರು ಯಾರೆಂದು ಮಾಸ್ತರರು ಒಮ್ಮೆ ನೋಡಬೇಕು.

ಕಾರಂತರ ಕೃತಿಗಳ ಹಕ್ಕು, ಅವರು ಗತಿಸಿದ ಮರುವರ್ಷದಿಂದ 60 ವರ್ಷ ಎಣಿಸಿದರೆ, 2057ರ ಕೊನೆಯವರೆಗೆ ಇರುತ್ತದೆ. ಇಂದು ಕೊಕ್ಕರ್ಣೆಯಲ್ಲಿ ಅಕ್ಷರ ತಿದ್ದುತ್ತಿರುವ ಮಗುವಿಗೆ ಆಗ ನಲವತ್ತರ ಹತ್ತಿರ ವಯಸ್ಸು.