ಓಮ್ನಿಶ್ಯಾಂಬಲ್ಸ್

ಬ್ರಿಟಿಷ್ ಸಿಟ್‌ಕಾಮ್‌ಗಳನ್ನು ಬಿಡದೆ ನೋಡುವವರಿಗೆ ಈ ಪದ ಕೇಳಿದೊಡನೆ ನೆನಪಾಗುವವನು ಮಾಲ್ಕಮ್ ಟಕರ್. ಅರ್ಮಾಂಡೊ ಇಯಾನೂಚಿ ರೂಪಿಸಿದ ಬಿಬಿಸಿಯ ‘ದಿ ಥಿಕ್ ಆಫ್ ಇಟ್’ ಸರಣಿಯಲ್ಲಿ ಸರ್ಕಾರದ ಮಾನ ಕಾಯಲು ನಿಂತ, ಬಾಯಿ ತೆರೆದರೆ ಬೈಗುಳ ಸುರಿಸುವ ಪಾತ್ರವದು. ನಟ ಪೀಟರ್ ಕಪಾಲ್ಡಿ. ಎಡವಟ್ಟಿನ ಮೇಲೆ ಎಡವಟ್ಟು ಮಾಡಿಕೊಂಡ ಸಚಿವೆ ನಿಕೋಲಾ ಮರ್ರೆಯನ್ನು ಅವನು 2009ರ ಕಂತೊಂದರಲ್ಲಿ ಝಾಡಿಸಿದ್ದು ಈ ಮಾತಿನಿಂದಲೇ.

ಅರ್ಥ, ಅಡಿಯಿಂದ ಮುಡಿಯವರೆಗೂ ಅಧ್ವಾನ. ‘ಓಮ್ನಿ’ ಲ್ಯಾಟಿನ್ನಿನದು, ‘ಎಲ್ಲ’ ಎಂದು. ‘ಶ್ಯಾಂಬಲ್ಸ್’ ನಡೆದುಬಂದ ದಾರಿ ಇನ್ನೂ ಸ್ವಾರಸ್ಯಕರ: ಹಳೆಯ ಇಂಗ್ಲಿಷಿನಲ್ಲಿ ಮಣೆ, ಆಮೇಲೆ ಮಾಂಸ ಮಾರುವ ಹಲಗೆ, ಮುಂದೆ ಕಸಾಯಿಖಾನೆ, ಈಗ ಬರೀ ಅವ್ಯವಸ್ಥೆ. ಯಾರ್ಕ್ ನಗರದಲ್ಲಿ ಕಟುಕರ ಅಂಗಡಿಗಳಿದ್ದ ಓಣಿಗೆ ಇಂದಿಗೂ ಅದೇ ಹೆಸರು.

ಪದ ಪರದೆಯಲ್ಲೇ ಉಳಿಯಲಿಲ್ಲ.

2012ರ ಏಪ್ರಿಲ್‌ನಲ್ಲಿ ವಿರೋಧ ಪಕ್ಷದ ನಾಯಕ ಎಡ್ ಮಿಲಿಬ್ಯಾಂಡ್ ಪಾರ್ಲಿಮೆಂಟಿನಲ್ಲಿ ಸರ್ಕಾರದ ಬಜೆಟ್ಟನ್ನು ಹೀಗೆಂದು ಹಳಿದರು. ಆ ನವೆಂಬರ್‌ನಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ಇದನ್ನೇ ಬ್ರಿಟನ್ನಿನ ವರ್ಷದ ಪದವಾಗಿ ಆರಿಸಿದರು; ತಕ್ಕ ಗೌರವವೇ. ಇದರ ನಡುವೆ ಮರಿಪದವೂ ಹುಟ್ಟಿತ್ತು: ಲಂಡನ್ ಒಲಿಂಪಿಕ್ಸ್ ಸಿದ್ಧತೆಯ ಬಗ್ಗೆ ಅನುಮಾನ ಆಡಿ ಬ್ರಿಟನ್ನನ್ನು ಕೆರಳಿಸಿದ ಅಮೆರಿಕದ ಮಿಟ್ ರಾಮ್ನಿಯ ಭೇಟಿಗೆ ‘ರಾಮ್ನಿಶ್ಯಾಂಬಲ್ಸ್’ ಎಂಬ ಹೆಸರು ಅಂಟಿಕೊಂಡಿತು.